ಸತ್ತ ಮ್ಯಾಲ ಕುಂದ್ರೋದು ಹೆಂಗ

ಗುತ್ತೆವ್ವ: ಎಲುಬಿನ ಮಾತು ಆಮ್ಯಾಲ ಆಗಲಿ. ಮೊದಲ ನನಗ ಇದಕ್ಕ ಜವಾಬು ಹೇಳು. ನಾ ಸತ್ತ ಮ್ಯಾಲ ನನ್ನ ಕುಣಿಯಾಗ ಹೆಂಗ ಕುಂದರಸ್ತಿ?

ಕರಬಸಪ್ಪ: ವೈನಿ, ನೀವಿನ್ನೂ ಸತ್ತಿಲ್ಲ.

ಗುತ್ತೆವ್ವ: ಸತ್ತ ಮ್ಯಾಲ ಕೇಳಾಕ ಬಾಯಿ ಇರತೈತೇನು? ಈಗ ಹೇಳು.

ರಾಣೇಬೆನ್ನೂರಿನ ಒಂದು ಆಸ್ಪತ್ರೆ. ಹೆಂಗಸರ ವಾರ್ಡು. ಕುಪ್ಪೇಲೂರಿನ ಗುತ್ತೆವ್ವ ಕಿಟಕಿ ಪಕ್ಕದ ಮಂಚದ ಮೇಲೆ ಅಂಗಾತ ಬಿದ್ದಿದ್ದಳು. ಎಡಗಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಗೆ ತೂಕ ಇಳಿಬಿಟ್ಟಿದ್ದರು. ತೊಡೆಯ ಎಲುಬು ಸೊಂಟಕ್ಕೆ ಕೂಡುವ ಜಾಗದಲ್ಲಿ ಮುರಿದಿತ್ತು. ಮುರಿದ ಗುಂಡು ತೆಗೆದು ಉಕ್ಕಿನ ಗುಂಡು ಕೂಡಿಸುತ್ತೇವೆ ಅಂತ ಡಾಕ್ಟರು ಹೇಳಿದಾಗ ಗುತ್ತೆವ್ವ ಹೂಂ ಅಂದಿದ್ದಳು. ಹೋಗುವ ಮುಂದೆ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. ಇನ್ನು ಇರುವತನಕ ನೆಲಕ್ಕೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಹಾಕಿದರೆ ಗುಂಡು ಜಾರುತ್ತದೆ. ಅಲ್ಲಿಗೆ ಎಲ್ಲಾ ಕೆಟ್ಟಿತು.

ಗುತ್ತೆವ್ವನ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿ ತೋಡಿ, ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸುತ್ತಾರೆ. ಅವಳ ಗಂಡ ಮುರಿಗೆಪ್ಪ ಹೋದ ವರ್ಷ ಹೊಲದ ಬೇವಿನ ಗಿಡದ ಕೆಳಗೆ ಹಂಗೇ ಹೋಗಿ ಕುಂತಿದ್ದ. ಅವನ ಮಗ್ಗಲಲ್ಲಿ ಗುತ್ತೆವ್ವನಿಗೆ ಜಾಗ ಬಿಟ್ಟಿದ್ದರು. ಆ ಜಾಗವನ್ನು ಅವಳು ದಿನಾ ಹೋಗಿ ನೋಡಿ ಬರುತ್ತಿದ್ದಳು. ಜಾರಿ ಬಿದ್ದದ್ದೂ ಅಲ್ಲೇ, ಗಂಡನ ಸಮಾಧಿ ಕಟ್ಟೆ ತೊಳೆಯುವಾಗ.

ಕರಬಸಪ್ಪ ಮುರಿಗೆಪ್ಪನ ತಮ್ಮ. ಒಳ್ಳೆಯ ಮನುಷ್ಯ. ಬಾಯಿ ಮಾತ್ರ ತಲೆಗಿಂತ ಮುಂದೆ ಓಡುತ್ತಿತ್ತು.

ಕರಬಸಪ್ಪ: ಸತ್ತ ಮ್ಯಾಲ ಡಾಕ್ಟರ ಮಾತು ಯಾರ ಕೇಳ್ತಾರ್ರಿ? ಮಡಚಿ ಕುಂದರಿಸಿಬಿಡ್ತೀವಿ.

ಗುತ್ತೆವ್ವ: ಮಡಚೂಮುಂದ ಕಟಕ್ ಅಂತ ಗುಂಡು ಜಾರಿದ್ರ?

ಕರಬಸಪ್ಪ: ಜಾರಲಿ. ನಿಮಗೇನು ನೋಯತೈತೇನು?

ಗುತ್ತೆವ್ವ: ನೋವಿನ ಮಾತಲ್ಲ. ಇಡೀ ಊರು ಕುಣಿ ಸುತ್ತ ನಿಂತಿರತೈತಿ. ಸ್ವಾಮಿಗಳು ಮಂತ್ರ ಹೇಳಾಕತ್ತಿರತಾರ. ಅಷ್ಟ್ರಾಗ ನಾ ಕಟಕ್ ಅಂದ್ರ ಮಂದಿ ಏನಂತಾರ?

ಪಕ್ಕದ ಮಂಚ: ಜೀವ ಐತಿ ಅಂತ ಓಡಿ ಹೋಗತಾರ.

ಪಕ್ಕದ ಮಂಚದ ಮೇಲೆ ಇದ್ದವಳು ಬ್ಯಾಡಗಿಯ ಮಾಸುಮಬಿ. ಮನೆಯವರದು ಮೆಣಸಿನಕಾಯಿ ವ್ಯಾಪಾರ. ನೆಲದ ಮೇಲೆ ಚೆಲ್ಲಿದ ಮೆಣಸಿನ ಬೀಜದ ಮೇಲೆ ಕಾಲಿಟ್ಟು ಜಾರಿ ತೊಡೆ ಮುರಿದುಕೊಂಡಿದ್ದಳು. ಅವಳದು ಸ್ವಲ್ಪ ಕೆಳಗೆ ಮುರಿದಿತ್ತು, ಅದಕ್ಕೆ ಗುಂಡಿನ ಬದಲು ಒಳಗೆ ರಾಡು ಹಾಕಿದ್ದರು. ಈಗ ವಾಕರ್ ಹಿಡಿದು ವಾರ್ಡಿನ ತುಂಬ ಓಡಾಡಿ ಎಲ್ಲರ ಊಟದ ಡಬ್ಬಿ ನೋಡಿ ಬರುತ್ತಿದ್ದಳು.

ಗುತ್ತೆವ್ವ: ನಿನ್ನ ಯಾರ ಕೇಳ್ಯಾರ?

ಮಾಸುಮಬಿ: ಯಾರೂ ಕೇಳೂದಿಲ್ಲ. ಅದಕ್ಕ ನಾನಾ ಹೇಳ್ತೇನಿ. ಅಲ್ಲ ಗುತ್ತೆವ್ವಾ, ನಿಮ್ಮವರು ಸತ್ತ ಮ್ಯಾಲೂ ಕುಂದ್ರೋದು ಯಾಕ? ಬಸ್ಸು ಬರೋದೈತೇನು?

ಗುತ್ತೆವ್ವ: ನಿಮ್ಮವರು ಮಲಗೋದು ಯಾಕ? ಜೀವ ಇದ್ದಾಗ ನಿದ್ದಿ ಸಾಲಲಿಲ್ಲೇನು?

ಮಾಸುಮಬಿ: ಖರೇನ ಸಾಲಲಿಲ್ಲ. ಅತ್ತಿ ಎಬ್ಬಿಸಿದ್ಲು, ಮಕ್ಕಳು ಎಬ್ಬಿಸಿದ್ರು, ಈಗ ಮೊಮ್ಮಕ್ಕಳು ಎಬ್ಬಸ್ತಾರ. ಖಬರಸ್ತಾನದಾಗರ ಕಾಲು ಚಾಚಿ ಮಲಗತೇನಿ.

ಗುತ್ತೆವ್ವ: ನಿನ್ನ ನಸೀಬು. ಒಳಗ ರಾಡು ಇದ್ರೂ ಚಾಚಾಕ ಬರತೈತಿ.

ಮಾಸುಮಬಿ: ಹಂಗಾರ ನನ್ನ ಮಗ್ಗಲಿಗೆ ಬಾ. ಜಾಗ ಮಾಡಸ್ತೇನಿ. ಆದ್ರ ಬಾಯಿ ಮುಚಗೊಂಡು ಇರಬೇಕು. ನಿನ್ನ ವಾದಕ್ಕ ಮಲಗಿದವರೆಲ್ಲ ಎದ್ದು ಕುಂತಾರು.

ಗುತ್ತೆವ್ವ: ಕುಂದ್ರಲಿ. ಅವರ ಕಾಲು ಮಡಚತಾವಲ್ಲ. ನನ್ನ ತ್ರಾಸು ಅದಲ್ಲೇನು?

ಕರಬಸಪ್ಪ ನಕ್ಕ. ಮೂಲೆಯ ಮಂಚದವಳೂ ನಕ್ಕಳು. ಗುತ್ತೆವ್ವ ನಗಲಿಲ್ಲ. ಗಂಡ ಹೋದಾಗಿನಿಂದ ಅವಳು ನಕ್ಕಿರಲಿಲ್ಲ. ಜಗಳ ಮಾತ್ರ ಬಿಟ್ಟಿರಲಿಲ್ಲ. ಜಗಳ ಬಿಟ್ಟರೆ ಉಸಿರಾಡುವುದಕ್ಕೆ ಬೇರೆ ಏನೂ ಕಾರಣ ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ಶೀಲಾ ಬಂದರು. ಗುತ್ತೆವ್ವ ಸೆರಗು ಸರಿ ಮಾಡಿಕೊಂಡಳು. ಡಾಕ್ಟರ ಮುಂದೆ ಸಾವು, ಕುಣಿ ಅನ್ನಬಾರದು ಅಂತ ಅವಳ ತಿಳುವಳಿಕೆ.

ಶೀಲಾ: ಏನಜ್ಜಿ, ನಾಳೆ ಮುಂಜಾನೆ ಮಾಡೋಣೇನು?

ಗುತ್ತೆವ್ವ: ಅದಕ್ಕ ಮೊದಲ ಒಂದು ಕೇಳ್ತೇನ್ರಿ. ಗುಂಡು ಹಾಕಿದ ಮ್ಯಾಲ, ನಾಳೆ ಆ ಹೊತ್ತು ಬಂತು ಅಂದ್ರ, ನಾ ಕುಂದ್ರೋದು ಹೆಂಗ?

ಶೀಲಾ: ಇದಕ್ಕ ಯಾಕ ನಾಚಿಕಿ? ಎಲ್ಲಾರೂ ಕೇಳ್ತಾರ. ಅದಕ್ಕಂತ ಕುರ್ಚಿ ಬರತೈತಿ. ನಡುವ ತೂತು ಇರತೈತಿ, ಕೆಳಗ ಬೋಗುಣಿ ಇಟ್ರ ಆತು.

ಗುತ್ತೆವ್ವ: ಕೈಯಾಗ ಲಿಂಗ ಹಿಡಕೊಂಡು ಅದರ ಮ್ಯಾಲ ಕುಂದ್ರಬೇಕೇನ್ರಿ?

ಶೀಲಾ: ಪೂಜಾ ಆಮ್ಯಾಲ ಮಾಡಾಕ ಬರತೈತಲ್ಲ.

ಗುತ್ತೆವ್ವ: ಆಮ್ಯಾಲ ಎಲ್ಲಿ ಬರತೈತ್ರಿ? ಅದ ಕಡೀದು. ಮತ್ತ ಊರ ಮಂದಿ ಎಲ್ಲಾ ನೋಡಾಕತ್ತಿರತಾರ.

ಶೀಲಾ: ಮಂದಿನ್ನ ಯಾಕ ಒಳಗ ಬಿಡ್ತೀರಿ? ಹೊರಗ ಕಳಿಸಿ ಬಾಗಲಾ ಹಾಕ್ಕೊಳ್ರಿ.

ಗುತ್ತೆವ್ವ: ಅಲ್ಲಿ ಬಾಗಲಾ ಎಲ್ಲಿ ಐತ್ರಿ? ಎಲ್ಲಾರೂ ಕೂಡಿ ಮಣ್ಣು ಹಾಕ್ತಾರ.

ಶೀಲಾ: ಈಗಿನ ಕಾಲದಾಗ ಮಣ್ಣು ಯಾರ ಹಾಕ್ತಾರಜ್ಜಿ? ನೀರು ಹಾಕಿದ್ರ ಹೋಗತೈತಿ.

ಮಾಸುಮಬಿ ಹೊಲಿಗೆ ಹಾಕಿದ ತೊಡೆ ಹಿಡಿದುಕೊಂಡು ದಿಂಬಿನೊಳಗೆ ಮುಖ ಇಟ್ಟಳು. ಅವಳ ಮಂಚ ಕಿರುಗುಟ್ಟಿತು. ಕರಬಸಪ್ಪ ಎದ್ದು ಹೋಗಿ ಡಾಕ್ಟರಿಗೆ ಸಣ್ಣ ದನಿಯಲ್ಲಿ ಸಂಗತಿ ಏನು ಅಂತ ತಿಳಿಸಿದ. ಶೀಲಾ ಬಾಯಿ ಮೇಲೆ ಕೈ ಇಟ್ಟುಕೊಂಡು ಗೋಡೆ ಕಡೆ ತಿರುಗಿ ನಿಂತರು. ಹೊರಳುವ ಹೊತ್ತಿಗೆ ಮುಖ ಗಟ್ಟಿ ಮಾಡಿಕೊಂಡಿದ್ದರು.

ಶೀಲಾ: ಅಜ್ಜಿ, ಸೀದಾ ಹೇಳ್ತೇನಿ ಕೇಳ್ರಿ. ಹಿಂಗ ಬಿಟ್ರ ಎಲುಬು ತಾನಾ ಕೂಡೂದಿಲ್ಲ. ಮಲಗಿದಲ್ಲೇ ಬೆನ್ನು ಹುಣ್ಣಾಗತೈತಿ, ಎದಿಯಾಗ ಕಫ ಕಟ್ಟತೈತಿ, ಕಾಲು ಗಿಡ್ಡಾಗಿ ಹೊರಗ ಹೊಳ್ಳತೈತಿ. ಲಗೂನ ಹೋಗತೀರಿ. ಹೋದ ಮ್ಯಾಲ ಹೊಳ್ಳಿದ ಕಾಲಿಲೆ ಕುಂದ್ರಾಕೂ ಬರೂದಿಲ್ಲ.

ಗುತ್ತೆವ್ವ: ಗುಂಡು ಹಾಕಿಸಿದ್ರ?

ಶೀಲಾ: ನಾಡಿದ್ದು ಎದ್ದು ನಿಲ್ಲತೀರಿ. ಆಮ್ಯಾಲ ವಾಕರ್ ಹಿಡದು ನಡೀತೀರಿ. ಹೊಲಕ್ಕೂ ಹೋಗತೀರಿ. ಸಂಜಿ ಒಳಗ ಹೇಳ್ರಿ.

ಡಾಕ್ಟರು ಹೋದರು. ಕರಬಸಪ್ಪ ಮೋಸಂಬಿ ಸುಲಿದು ಕೊಟ್ಟ. ಗುತ್ತೆವ್ವ ಅದನ್ನು ಮಾಸುಮಬಿ ಕಡೆ ದಬ್ಬಿದಳು.

ಗುತ್ತೆವ್ವ: ನಗೂದು ಮುಗೀತೇನು ನಿಮ್ಮದು? ಮುಗದಿದ್ರ ಕೇಳ್ರಿ. ನನಗ ಉಂಡದ್ದು ರುಚಿ ಹತ್ತೂದಿಲ್ಲ. ಹಬ್ಬ ಬಂದ್ರ ಹಬ್ಬ ಅನಸೂದಿಲ್ಲ. ಒಂದ ಆಸೆ ಉಳದೈತಿ. ಅವರ ಮಗ್ಗಲಾಗ ಅವರಂಗ ನೆಟ್ಟಗ ಕುಂದ್ರಬೇಕು. ಅವರು ಅಲ್ಲಿ ದೊಡ್ಡ ಶರಣರಂಗ ಚಕ್ಕಳಮಕ್ಕಳ ಹಾಕಿ ಕುಂತಿರತಾರ. ನಾ ಹೋಗಿ ಮುರದ ಬುಟ್ಟಿಯಂಗ ವಾರಿಯಾಗಿ ಅವರ ಮ್ಯಾಲ ಬಿದ್ರ ಹೆಂಗ ಕಾಣಸತೈತಿ?

ಮಾಸುಮಬಿ: ಗಂಡನ ಮ್ಯಾಲ ಬಿದ್ರ ಏನಾಗತೈತಿ? ಪರಗಂಡಸು ಅಲ್ಲಲ್ಲ.

ಗುತ್ತೆವ್ವ: ಸುಮ್ನಿರು. ಜೀವ ಇದ್ದಾಗ ಬಿದ್ದಿಲ್ಲ, ಈಗ ಬೀಳಲೇನು?

ಕರಬಸಪ್ಪ: ವೈನಿ, ಅಣ್ಣ ಅದನ್ನೆಲ್ಲ ಮನಸಿಗೆ ಹಚ್ಚಿಕೊಳ್ಳೂದಿಲ್ಲ ಬಿಡ್ರಿ. ಅವ ತಾನರ ಎಲ್ಲಿ ನೆಟ್ಟಗ ಕುಂತಾನ.

ಮೋಸಂಬಿ ತೊಳೆ ಮಾಸುಮಬಿಯ ಬಾಯಿಯ ಹತ್ತಿರವೇ ನಿಂತಿತು.

ಮಾಸುಮಬಿ: ಹಂಗಂದ್ರ?

ಕರಬಸಪ್ಪ: ಹಂಗಂದ್ರ... ಕುಂತಾನ.

ಮಾಸುಮಬಿ: ಕುಂತಾನ ಅನ್ನೂದು ತಿಳೀತು. ಹೆಂಗ ಕುಂತಾನ?

ಕರಬಸಪ್ಪ ಸಲೈನ್ ಬಾಟ್ಲಿ ನೋಡತೊಡಗಿದ. ಹನಿ ಸರಿಯಾಗಿ ಬೀಳಾಕತ್ತಿತ್ತು.

ಗುತ್ತೆವ್ವ: ಬಾಟ್ಲಿ ಏನು ನೋಡ್ತಿ? ಇಲ್ಲಿ ನೋಡು. ನಿಮ್ಮಣ್ಣ ಹೆಂಗ ಕುಂತಾರ?

ಕರಬಸಪ್ಪ: ಕಾಲು ಚಾಚಿ.

ಗುತ್ತೆವ್ವ: ಯಾರು?

ಕರಬಸಪ್ಪ: ಅಣ್ಣ. ಅವ ಹೋಗಿದ್ದ ಕುರ್ಚಿ ಮ್ಯಾಲ, ಕಾಲು ಚಾಚಿಕೊಂಡು. ಮಲಗ್ಯಾನ ಅಂತ ನಾವೂ ಬಿಟ್ವಿ, ನೀವೂ ಬಿಟ್ರಿ. ತಿಳಿಯೂ ಹೊತ್ತಿಗೆ ಸೆಟದು ಕಟಗಿ ಆಗಿದ್ದ. ಮನ್ಯಾಗ ಅದ ಕುರ್ಚಿ ಮ್ಯಾಲ ಶಾಲು ಹೊದಿಸಿ, ಹಾರ ಹಾಕಿ ಕುಂದರಿಸಿದ್ವಿ. ಕುಣಿಯಾಗ ಇಳಿಸಿದ ಮ್ಯಾಲ ಮಡಚಿದ್ರಾತು ಅನಕೊಂಡ್ವಿ. ಇಳಿಸಿದ್ವಿ. ಮಡಚಲಿಲ್ಲ.

ಗುತ್ತೆವ್ವ: ನಾ ಎಲ್ಲಿದ್ದೆ?

ಕರಬಸಪ್ಪ: ಬೇವಿನ ಗಿಡದ ಆ ಕಡೆ. ಎಚ್ಚರ ಇದ್ದಿಲ್ಲ ನಿಮಗ. ಅಗಡಿ ಬೀಗರು ಒಂದು ಕಾಲು ಹಿಡದ್ರು, ನಾ ಒಂದು ಹಿಡದೆ. ದನಾ ಜಗ್ಗಿದಂಗ ಜಗ್ಗಿದ್ವಿ. ಕಡೀಕ ಸ್ವಾಮಿಗಳು ಬೆವರು ಒರಸಿಕೊಂಡು, ಇರಲಿ ಬಿಡ್ರಪಾ, ಶಿವಾ ಕಾಲು ನೋಡೂದಿಲ್ಲ, ಕುಣಿನ ಸ್ವಲ್ಪ ಉದ್ದ ಮಾಡ್ರಿ ಅಂದ್ರು. ಮಾಡಿದ್ವಿ.

ಗುತ್ತೆವ್ವ: ಯಾವ ಕಡೆ ಉದ್ದ ಮಾಡಿದ್ರಿ?

ಕರಬಸಪ್ಪ ಮೋಸಂಬಿ ಸಿಪ್ಪೆ ಒಂದೊಂದೇ ಆರಿಸಿ ಚೀಲಕ್ಕೆ ಹಾಕಿದ.

ಗುತ್ತೆವ್ವ: ಯಾವ ಕಡೆ ಅಂತ ಕೇಳಾಕತ್ತೇನಿ.

ಕರಬಸಪ್ಪ: ಆ ಕಡೆ ಬೇವಿನ ಬೇರು ಅಡ್ಡ ಬಂತು. ಅದಕ್ಕ ಈ ಕಡೆ. ನಿಮ್ಮ ಜಾಗದ ಕಡೆ.

ಗುತ್ತೆವ್ವನಿಗೆ ಮನೆ ಕಣ್ಣ ಮುಂದೆ ಬಂತು. ತಲಬಾಗಿಲು. ಬಾಗಿಲ ಎದುರಿಗೆ ಮುರಿಗೆಪ್ಪನ ಕಟ್ಟಿಗೆ ಕುರ್ಚಿ. ಹೊಸಲಿನ ಮೇಲೆ ಅಡ್ಡ ಚಾಚಿದ ಎರಡು ಕಾಲು. ಅವಳು ಮದುವೆಯಾಗಿ ಬಂದ ವಾರದಿಂದ ನೀರಿನ ಕೊಡ ಹೊತ್ತು, ಹಿಂಡಿ ಬುಟ್ಟಿ ಹೊತ್ತು, ಕೂಸು ಹೊತ್ತು ಆ ಕಾಲಿನ ಮುಂದೆ ನಿಂತು ಅಂದದ್ದು ಒಂದೇ ಮಾತು. ಕಾಲು ತಗೀರಿ. ಮುರಿಗೆಪ್ಪ ಒಂದು ಕಾಲು ತೆಗೆಯುತ್ತಿದ್ದ. ಇನ್ನೊಂದನ್ನು ಅವಳು ದಾಟಿಕೊಂಡು ಹೋಗಬೇಕು. ಎರಡೂ ಕಾಲು ತೆಗೆದದ್ದು ಅವಳು ನೋಡಿಲ್ಲ. ಸತ್ತಾದರೂ ತೆಗೆದಿರಬಹುದು ಅಂದುಕೊಂಡಿದ್ದಳು.

ಗುತ್ತೆವ್ವ ನಕ್ಕಳು. ಮೈ ಅಲುಗಿ ಹಗ್ಗ ಅಲುಗಿತು, ಮಂಚದ ತುದಿಯ ತೂಕ ಗಡಿಯಾರದ ಲೋಲಕದ ಹಾಗೆ ತೂಗಾಡಿತು. ತೊಡೆಯಲ್ಲಿ ಚಳಕು ಹೊಡೆದು ಕಣ್ಣಲ್ಲಿ ನೀರು ಬಂತು. ನಗೆ ನಿಲ್ಲಲಿಲ್ಲ.

ಮಾಸುಮಬಿ: ಅಳಾಕತ್ತಾಳ. ಯಾಕ ಹೇಳಿದಿ ಮುದುಕಿಗೆ ಇದನ್ನ? ಬುದ್ಧಿ ಐತೇನು ನಿನಗ?

ಕರಬಸಪ್ಪ: ನೀವ ಕೇಳಿದ್ರಲ್ಲ.

ಗುತ್ತೆವ್ವ: ಅಯ್ಯ, ನೋಯತೈತಿ. ನಗಸಬ್ಯಾಡ್ರಿ. ಕರಬಸಪ್ಪಾ, ಡಾಕ್ಟರವ್ವನ ಕರಿ.

ಕರಬಸಪ್ಪ: ಭಾಳ ನೋಯತೈತೇನ್ರಿ?

ಗುತ್ತೆವ್ವ: ನಾಳೆ ಕೊಯ್ಯಲಿ. ಗುಂಡರ ಹಾಕಲಿ, ಬಂಡಿ ಅಚ್ಚರ ಹಾಕಲಿ. ನಾ ಎದ್ದು ಹೊಲಕ್ಕ ಹೋಗಬೇಕು. ನನ್ನ ಜಾಗದಾಗ ಕಾಲಿಟ್ಟಾರಂತ.

ಮರುದಿನ ಬೆನ್ನಿಗೆ ಸೂಜಿ ಕೊಟ್ಟು ಆಪರೇಷನ್ ಮಾಡಿದರು. ಸೊಂಟದ ಕೆಳಗೆ ಮೈ ಇಲ್ಲದಂಗೆ ಆಗಿತ್ತು, ಕಿವಿ ಮಾತ್ರ ಇತ್ತು. ಒಳಗೆ ಬಡಗಿತನ ನಡೆದಂಗೆ ಸಪ್ಪಳ. ಹೊರಗೆ ಬಂದ ಮೇಲೆ ಗುತ್ತೆವ್ವ, ನಮ್ಮೂರ ಕಂಬಾರಗ ಹೇಳಿದ್ರ ಇದಕ್ಕಿಂತ ಲಗೂ ಮಾಡತಿದ್ದ ಅಂದಳಂತೆ. ಮಲಗಿಸುವಾಗ ಎರಡು ಕಾಲಿನ ನಡುವೆ ದೊಡ್ಡ ದಿಂಬು ಇಟ್ಟರು.

ಗುತ್ತೆವ್ವ: ಈ ವಯಸ್ಸಿನ್ಯಾಗ ಕಾಲಿನ ನಡುವ ದಿಂಬು ಯಾಕ?

ಮಾಸುಮಬಿ: ಹಳೇ ಕಾಲು ಹೊಸಾ ಕಾಲು ಜಗಳಾಡಬಾರದು ಅಂತ.

ಗುತ್ತೆವ್ವ: ಹಂಗಾರ ನನ್ನ ಮಂಚಕ್ಕೂ ನಿನ್ನ ಮಂಚಕ್ಕೂ ನಡುವ ಒಂದು ಇಡಾಕ ಹೇಳು.

ಮಾರನೆ ದಿನ ಎಬ್ಬಿಸಿ ನಿಲ್ಲಿಸಿದರು. ವಾಕರ್ ಮುಂದೆ ಇಟ್ಟರು. ಗುತ್ತೆವ್ವ ಅದನ್ನು ಮೇಲೆ ಕೆಳಗೆ ನೋಡಿದಳು.

ಗುತ್ತೆವ್ವ: ಇದಕ್ಕ ಗಾಲಿ ಇಲ್ಲ.

ಮಾಸುಮಬಿ: ಗಾಲಿ ಇದ್ರ ಸೀದಾ ಹಾವೇರಿಗೆ ಹೋಗಿ ನಿಲ್ಲತಿದ್ದಿ. ಮೊದಲ ಇದನ್ನ ಮುಂದ ಇಡು. ಆಮ್ಯಾಲ ಮುರದ ಕಾಲು. ಆಮ್ಯಾಲ ಚಲೋ ಕಾಲು.

ಗುತ್ತೆವ್ವ: ಯಾವುದು ಚಲೋದು? ಎರಡೂ ನಡಗಾಕತ್ತಾವು.

ಮಾಸುಮಬಿ: ನಡಗಲಿ. ನಿನ್ನ ಗಂಡ ಕಾಲು ಚಾಚಿ ಕುಂತಾನ, ನೆನಪು ಮಾಡಿಕೋ.

ಗುತ್ತೆವ್ವ ವಾಕರ್ ಎತ್ತಿ ಮುಂದೆ ಕುಕ್ಕಿದಳು. ಒಂದು ಹೆಜ್ಜೆ ಬಂತು. ಬೈದಳು. ಇನ್ನೊಂದು ಬಂತು. ಬಾಗಿಲ ತನಕ ಹೋಗಿ ಬರುವಷ್ಟರಲ್ಲಿ ಸತ್ತವನ ಮೂರು ತಲೆಮಾರು ಮುಗಿದಿತ್ತು. ನಡಿಗೆ ಕಲಿಸಲು ಬಂದ ಹುಡುಗಿ ಸಿಮ್ರಾನ, ಅಜ್ಜಿ ಯಾರನ್ನು ಬೈತಾರೆ ಅಂತ ಕೇಳಿದಳು. ಮಾಸುಮಬಿ, ಅದು ಅವಳ ವ್ಯಾಯಾಮ ಅಂದಳು.

ಕುಪ್ಪೇಲೂರಿಗೆ ಬಂದ ಮೇಲೂ ಡಾಕ್ಟರ ಪಥ್ಯವೇ ನಡೆಯಿತು. ಎತ್ತರದ ಮಂಚ, ಎತ್ತರದ ಕುರ್ಚಿ. ನೆಲಕ್ಕೆ ಬಿದ್ದ ಸೂಜಿ ಕೂಡ ಬಗ್ಗಿ ತೆಗೆಯುವಂತಿಲ್ಲ. ಮನೆಯಲ್ಲಿ ಎತ್ತರದ ಕುರ್ಚಿ ಇದ್ದದ್ದು ಒಂದೇ, ಮುರಿಗೆಪ್ಪನದು. ಸಂಸಾರ ಪೂರ್ತಿ ಗುತ್ತೆವ್ವ ಅದನ್ನು ಒರೆಸಿದ್ದಳು, ಒಮ್ಮೆಯೂ ಅದರ ಮೇಲೆ ಕುಂತಿರಲಿಲ್ಲ. ಅವನು ಮೇಲೆ, ಅವಳು ಕೆಳಗೆ ನೆಲಕ್ಕೆ. ಮೊದಲ ದಿನ ಅಂಜಿ ಅಂಜಿ ತುದಿಯಲ್ಲಿ ಕುಂತಳು. ವಾರ ಕಳೆಯುವಷ್ಟರಲ್ಲಿ ಬೆನ್ನು ಆನಿಸಿ ಕುಂತಳು. ಆಮೇಲೆ ಬಾಗಿಲಿಗೆ ಬಂದವರಿಗೆ ಅಲ್ಲಿಂದಲೇ ಕೆಲಸ ಹೇಳತೊಡಗಿದಳು.

ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಮಾಸುಮಬಿ ಬ್ಯಾಡಗಿಯಿಂದ ಒಂದು ಚೀಲ ಒಣ ಮೆಣಸಿನಕಾಯಿ ಹಿಡಿದು ಬಂದಳು. ಕರಬಸಪ್ಪ ಇಬ್ಬರನ್ನೂ ಟಂಟಂ ಗಾಡಿಯಲ್ಲಿ ಹೊಲಕ್ಕೆ ಕರೆದೊಯ್ದ. ಕಟ್ಟಿಗೆ ಕುರ್ಚಿಯನ್ನೂ ಹೇರಿದ. ಬೇವಿನ ಗಿಡದ ಕೆಳಗೆ ಅದನ್ನು ಇಟ್ಟ. ಗುತ್ತೆವ್ವ ವಾಕರ್ ಬದಿಗಿಟ್ಟು ಕುಂತು, ಗಂಡನ ಕಟ್ಟೆಯನ್ನು ಮೇಲಿನಿಂದ ನೋಡಿದಳು.

ಗುತ್ತೆವ್ವ: ಬಂದೇನ್ರಿ. ಕಾಲು ತಗೀರಿ.

ಬೇವಿನ ಎಲೆ ಉದುರಿದವು. ಕಟ್ಟೆ ಇದ್ದಲ್ಲೇ ಇತ್ತು.

ಮಾಸುಮಬಿ: ತಗದ್ರೇನು?

ಗುತ್ತೆವ್ವ: ಒಂದು ತಗದಿರಬೇಕು.

ಗುತ್ತೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಾಸುಮಬಿ ನೋಡದಂಗೆ ಇದ್ದಳು.

ಕರಬಸಪ್ಪ: ವೈನಿ, ನಡದೀರಿ, ಬಂದೀರಿ. ಚಲೋ ಆತು. ಆದ್ರ ಆ ಹಳೇ ಮಾತು ಹಂಗ ಉಳೀತಲ್ರಿ. ನಾಳೆ ಆ ಹೊತ್ತು ಬಂದಾಗ ನಿಮ್ಮನ್ನ ಹೆಂಗ ಕುಂದರಸೋಣು?

ಗುತ್ತೆವ್ವ: ಡಾಕ್ಟರವ್ವ ಏನು ಹೇಳ್ಯಾಳ? ನೆಲಕ್ಕ ಕುಂದ್ರಬ್ಯಾಡ, ಕುರ್ಚಿ ಮ್ಯಾಲ ಕುಂದ್ರು ಅಂದಾಳ. ಸತ್ತೆ ಅಂತ ಪಥ್ಯ ಬಿಡಾಕ ಬರತೈತೇನು? ಕುರ್ಚಿ ಸಹಿತ ಇಳಸ್ರಿ.

ಕರಬಸಪ್ಪ: ಕುಣಿಯಾಗ ಕುರ್ಚಿ ಹಾಕೂದು ಎಲ್ಲಿ ಐತ್ರಿ ವೈನಿ? ಸ್ವಾಮಿಗಳು ಒಪ್ಪಬೇಕಲ್ಲ.

ಗುತ್ತೆವ್ವ: ಚಾಚಿದ ಕಾಲು ಒಪ್ಯಾರ, ಕುರ್ಚಿ ಒಪ್ಪೂದಿಲ್ಲೇನು? ಶಿವಾ ಕಾಲು ನೋಡೂದಿಲ್ಲ ಅಂದ್ರ ಕುರ್ಚಿ ಕಾಲೂ ನೋಡೂದಿಲ್ಲ.

ಮಾಸುಮಬಿ: ಯಾವ ಕುರ್ಚಿ? ಪ್ಲಾಸ್ಟಿಕ್ಕಿಂದು ಮಣ್ಣಾಗ ಕರಗೂದಿಲ್ಲ ನೋಡು.

ಗುತ್ತೆವ್ವ: ಪ್ಲಾಸ್ಟಿಕ್ ಯಾಕ? ಇದ ಕುರ್ಚಿ. ಇಷ್ಟು ವರ್ಷ ಅವರು ಮ್ಯಾಲ, ನಾ ನೆಲಕ್ಕ. ಇನ್ನ ಅವರು ನೆಲಕ್ಕ, ನಾ ಮ್ಯಾಲ.

ಮಾಸುಮಬಿ: ಅವರು ನನ್ನ ಕುರ್ಚಿ ನನಗ ಕೊಡು ಅಂದ್ರ?

ಗುತ್ತೆವ್ವ ಕುರ್ಚಿಗೆ ಬೆನ್ನು ಆನಿಸಿದಳು. ಹೊಸ ಗುಂಡಿನ ಕಾಲನ್ನು ಮೆಲ್ಲಗೆ ಎತ್ತಿ, ಮುಂದೆ ಚಾಚಿ, ಗಂಡನ ಕಟ್ಟೆಯ ಮೇಲೆ ಇಟ್ಟಳು.

ಗುತ್ತೆವ್ವ: ಎದ್ದು ಬಂದು ನನ್ನ ಕಾಲು ತಗಸಲಿ.